ಮುತ್ತು ಕಟ್ಟುವ ಪದ್ಧತಿ (ಕೊಪ್ಪಳ ಸೀಮೆ)

ಹೆಣ್ಣುಮಗುವಿನ ಕೊರಳಿಗೆ ಕೆಂಪು-ಬಿಳಿ ಮಣಿಸರ ಕಟ್ಟಿ ಆಕೆಯನ್ನು ದೇವಿಗೆ ಬಿಡುವ ಆಚರಣೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಇದು ಹೆಚ್ಚಾಗಿ ನಂಟು ಪಡೆದದ್ದು ತುಂಗಭದ್ರೆಯ ದಡದ ಹುಲಿಗಿಯ ಹುಲಿಗೆಮ್ಮನೊಂದಿಗೆ. ಹೀಗೆ ಬಿಡಲಾದವರು ಜೋಗತಿ, ಬಸವಿ, ದೇವದಾಸಿ ಎನಿಸಿಕೊಂಡರು. ಬಹುಪಾಲು ದಲಿತರ ಮನೆಯ ಹೆಣ್ಣುಮಕ್ಕಳು.

ಹುಲಿಗೆಮ್ಮ ಸವದತ್ತಿಯ ಎಲ್ಲಮ್ಮನೇ ಎಂಬುದು ಸ್ಥಳದ ನಂಬಿಕೆ. ಸವದತ್ತಿಗೆ ನಡೆದುಹೋಗುತ್ತಿದ್ದ ನಾಗಜೋಗಿ, ಬಸವಜೋಗಿಯರ ಭಕ್ತಿಗೆ ಒಲಿದು ದೇವಿ ಇಲ್ಲಿಗೇ ಬಂದಳಂತೆ. ಎಲ್ಲಮ್ಮನ ಕಥೆಯ ತಿರುಳೇ ನೋವು: ಗಂಡ ಜಮದಗ್ನಿಯ ಸಿಟ್ಟಿಗೆ ಗುರಿಯಾಗಿ, ಮಗ ಪರಶುರಾಮನ ಕೊಡಲಿಗೆ ತಲೆ ಕೊಟ್ಟ ರೇಣುಕೆಯೇ ಮುಂದೆ ಎಲ್ಲಮ್ಮನಾಗಿ ಪೂಜೆಗೊಳ್ಳುತ್ತಾಳೆ. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮ ವಿಧವೆ. ಜೋಗತಿಯರೂ ಬಳೆ ಒಡೆದುಕೊಳ್ಳುತ್ತಾರೆ. ಜನರ ಬಾಯಲ್ಲಿ ಅದು ರಂಡಿ ಹುಣ್ಣಿಮೆ. ಭಾರತ ಹುಣ್ಣಿಮೆಗೆ ಮತ್ತೆ ಎಲ್ಲರೂ ಮುತ್ತೈದೆಯರು. ಪಡ್ಡಲಗಿ (ದೇವಿಯ ಬುಟ್ಟಿ) ಹೊತ್ತು ಬಾಗಿಲಿಗೆ ಬಂದ ಜೋಗತಿಗೆ ಊರು ಕೈಮುಗಿದು ಜೋಗ (ಭಿಕ್ಷೆ) ನೀಡುತ್ತದೆ. ಅದೇ ಊರಲ್ಲಿ ಆಕೆಯ ಮಕ್ಕಳಿಗೆ ತಂದೆಯ ಹೆಸರಿಲ್ಲ, ಇಟ್ಟುಕೊಂಡವನ ಹೊಲದಲ್ಲಿ ಪಾಲಿಲ್ಲ.

ಮುತ್ತು ಕಟ್ಟಲು ಕಾರಣಗಳು ಬೇಕಾದಷ್ಟಿದ್ದವು. ತಲೆಯಲ್ಲಿ ಜಡೆಗಟ್ಟಿದರೆ ದೇವಿ ಕರೆದಳೆಂದರು, ರೋಗ ಬಂದರೆ ಹರಕೆ ಹೊತ್ತರು. ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ಮಗನ ಸ್ಥಾನದಲ್ಲಿ ಉಳಿಸಿಕೊಳ್ಳಲು ಇದೊಂದು ದಾರಿಯೂ ಆಗಿತ್ತು.

ಇದನ್ನು ತಡೆಯುವ ಕಾನೂನು ಈ ಸೀಮೆಗೆ ತಡವಾಗಿ ಬಂತು. ಮುಂಬಯಿ ಪ್ರಾಂತ್ಯ 1934ರಲ್ಲಿ, ಮದ್ರಾಸ್ 1947ರಲ್ಲಿ ಕಾಯ್ದೆ ಮಾಡಿದಾಗ ಕೊಪ್ಪಳ ನಿಜಾಮರ ಆಳ್ವಿಕೆಯಡಿ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಆ ಕಾಯ್ದೆಗಳು ಇತ್ತ ತಲುಪಲಿಲ್ಲ. ಇಡೀ ರಾಜ್ಯಕ್ಕೆ ಅನ್ವಯಿಸುವ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಮುತ್ತು ಕಟ್ಟಿಸಿದವರು ಹೆತ್ತವರೋ ಬಂಧುಗಳೋ ಆಗಿದ್ದರೆ ಅದರಲ್ಲಿ ಶಿಕ್ಷೆ ಹೆಚ್ಚಿತ್ತು. ಎರಡು ಸರ್ಕಾರಿ ಸಮೀಕ್ಷೆಗಳು (1993-94, 2007-08) ಉತ್ತರ ಕರ್ನಾಟಕದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು.

ಸ್ತ್ರೀವಾದಿಗಳ ಜಗಳ ಇರುವುದು ಜೋಗತಿಯ ನೋವಿಗೆ ಅಂಟಿಕೊಂಡ ಈ ಪಾವಿತ್ರ್ಯವನ್ನು ಏನೆಂದು ಓದಬೇಕು ಎಂಬಲ್ಲಿ. ಕ್ರೈಸ್ತ ಜಗತ್ತು ಇದೇ ಜಗಳವನ್ನು ತನ್ನ ರೀತಿಯಲ್ಲಿ ಆಡಿದೆ. ದೇವತಾಶಾಸ್ತ್ರಜ್ಞರಾದ ಮೇರಿ ಡೇಲಿ 1973ರ ಕೃತಿಯಲ್ಲಿ, ಜೊವಾನ್ ಕಾರ್ಲ್‌ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ 1989ರ ಪ್ರಬಂಧದಲ್ಲಿ, ಶಿಲುಬೆಯ ಯಾತನೆಯನ್ನು ಹಾಡಿ ಹೊಗಳುವ ಧರ್ಮ ಹೆಂಗಸರಿಗೆ ದೌರ್ಜನ್ಯ ಸಹಿಸುವುದನ್ನು ಕಲಿಸಿತೆಂದು ವಾದಿಸಿದರು. ಇತಿಹಾಸಕಾರ್ತಿ ಕ್ಯಾರೊಲಿನ್ ಬೈನಂ (1987) ಮಾತ್ರ ಮಧ್ಯಯುಗದ ಸಂತ ಮಹಿಳೆಯರ ಉಪವಾಸದಲ್ಲಿ ಅವರದೇ ಹಿಡಿತವನ್ನು ಕಂಡರು. ಉತ್ತರ ಕರ್ನಾಟಕದ ಜೋಗತಿಯರ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಲೂಸಿಂಡಾ ರಾಮ್‌ಬರ್ಗ್ (2014) ಬೈನಂ ಅವರಿಗೆ ಹತ್ತಿರ: ದೇವಿಯೊಡನೆ ಆದದ್ದು ರಾಮ್‌ಬರ್ಗ್ ಕಣ್ಣಿಗೆ ನಿಜವಾದ ಮದುವೆ, ನಿಜವಾದ ನಂಟಸ್ತನ. ವಾದ ತೂಕದ್ದೇ. ಆದರೆ ಐದಾರು ವರ್ಷದ ಹುಡುಗಿಯ ಕೊರಳಿಗೆ ಮಣಿ ಬೀಳುವಾಗ ಆಯ್ಕೆ ಯಾರದ್ದು ಎಂಬ ಪ್ರಶ್ನೆಗೆ ಅಲ್ಲಿ ಸಮಾಧಾನಕರ ಉತ್ತರ ಸಿಗುವುದಿಲ್ಲ. ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಮುತ್ತು ಕಟ್ಟಿಸಿಕೊಂಡ ಮಹಿಳೆಯರೇ ಇದ್ದಾರೆ; ಬೆಳಗಾವಿ ಭಾಗದಲ್ಲಿ ಅವರದೇ ಸಂಘಟನೆಯೂ ಬೆಳೆಯಿತು.

2025ರಲ್ಲಿ ರಾಜ್ಯದ ವಿಧಾನಮಂಡಲ ದೇವದಾಸಿ ಪದ್ಧತಿ ಕುರಿತ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ತುಂಬುವುದು ಅದರಂತೆ ಕಡ್ಡಾಯವಲ್ಲ.