ನದಿ ಮೇಲೊಂದು ಅರಮನೆ, ಅದಕ್ಕೆ ಎರಡು ತೋಟ

ಇಯರ್‌ಫೋನ್ ಹಾಕ್ಕೊಂಡ್ರಾ? ಬನ್ನಿ, ಇವತ್ತು ಫ್ರಾನ್ಸಿಗೆ ಹೋಗಿ ಬರೋಣ. ಪ್ಯಾರಿಸ್ ಅಲ್ಲ, ಲ್ವಾರ್ ಕಣಿವೆಗೆ. ಅಲ್ಲಿ ಶೆರ್ ಅನ್ನೋ ನದಿಯ ಮೇಲೆ, ಹೌದು, ದಡದಲ್ಲಲ್ಲ, ನೀರಿನ ಮೇಲೇ ಒಂದು ಅರಮನೆ ನಿಂತಿದೆ. ಹೆಸರು ಶೆನೊನ್ಸೊ.

ಮೊದಲು ಇಲ್ಲಿದ್ದದ್ದು ಒಂದು ಹಿಟ್ಟಿನ ಗಿರಣಿ. ಅದರ ಅಡಿಪಾಯದ ಮೇಲೆ ರಾಜನ ಖಜಾನೆ ಅಧಿಕಾರಿ ತೋಮಾ ಬೋಯೆ 1513ರಲ್ಲಿ ಅರಮನೆ ಕಟ್ಟೋಕೆ ಶುರು ಮಾಡಿದ. ಅವನು ಯುದ್ಧ ಅಂತ ಇಟಲಿಗೆ ಓಡಾಡ್ತಿದ್ದ. ಹಾಗಾಗಿ ಮುಂದೆ ನಿಂತು ಕೆಲಸ ಮಾಡಿಸಿದ್ದು ಹೆಂಡತಿ ಕ್ಯಾಥರೀನ್ ಬ್ರಿಸೊನೆ. ಆಮೇಲೆ ಸಾಲದ ಲೆಕ್ಕದಲ್ಲಿ ಅರಮನೆ ರಾಜಮನೆತನದ ಪಾಲಾಯ್ತು.

ಕಥೆ ಬಿಸಿಯಾಗೋದು 1547ರಲ್ಲಿ. ಹೊಸ ರಾಜ ಎರಡನೇ ಹೆನ್ರಿ ಇದನ್ನ ತನ್ನ ಪ್ರೇಯಸಿ ಡಯಾನ್ ದ ಪ್ವಾಟಿಯೆಗೆ ಕೊಟ್ಟುಬಿಟ್ಟ. ಆಕೆ ಅವನಿಗಿಂತ ಸುಮಾರು 20 ವರ್ಷ ದೊಡ್ಡವಳು. ಡಯಾನ್ ಸುಮ್ಮನೆ ಕೂರಲಿಲ್ಲ. ಪ್ರವಾಹ ಬಂದರೂ ಮುಳುಗದ ಹಾಗೆ ಎತ್ತರದ ಕಲ್ಲಿನ ಕಟ್ಟೆ ಕಟ್ಟಿಸಿ ತೋಟ ಮಾಡಿಸಿದಳು, ಆಚೆ ದಡಕ್ಕೆ ಸೇತುವೆ ಹಾಕಿಸಿದಳು.

1559ರಲ್ಲಿ ಕುದುರೆ ಮೇಲಿನ ಈಟಿಯಾಟದಲ್ಲಿ ಪೆಟ್ಟು ಬಿದ್ದು ರಾಜ ಸತ್ತ. ಇಷ್ಟು ವರ್ಷ ಎಲ್ಲವನ್ನೂ ನುಂಗಿಕೊಂಡಿದ್ದ ರಾಣಿ ಕ್ಯಾಥರೀನ್ ದ ಮೆಡಿಚಿ, ಬದಲಿಗೆ ಶೋಮೊಂ ಅರಮನೆ ಕೊಟ್ಟು ಡಯಾನಳನ್ನ ಇಲ್ಲಿಂದ ಎಬ್ಬಿಸಿದಳು. ಅಷ್ಟಕ್ಕೇ ಬಿಟ್ಟಳಾ? ಇಲ್ಲ. ಸವತಿಯ ಸೇತುವೆ ಮೇಲೆ 60 ಮೀಟರ್ ಉದ್ದದ ಗ್ಯಾಲರಿ ಕಟ್ಟಿಸಿ ಅಲ್ಲಿ ಔತಣಕೂಟ ನಡೆಸಿದಳು. ಪಕ್ಕದಲ್ಲೇ ತನ್ನದೊಂದು ತೋಟ ಬೇರೆ! ಇವತ್ತಿಗೂ ಅರಮನೆಗೆ ಎದುರಾಗಿ ನಿಂತರೆ ಎಡಕ್ಕೆ ಡಯಾನಳ ತೋಟ, ಬಲಕ್ಕೆ ಕ್ಯಾಥರೀನಳದ್ದು.

ಇದನ್ನ ಬರೀ ಸವತಿಯರ ಜಗಳ ಅಂದುಕೊಂಡ್ರೆ ಮುಖ್ಯವಾದದ್ದು ತಪ್ಪಿಹೋಗುತ್ತೆ. ಮೊದಲನೇ ಮಹಾಯುದ್ಧದಲ್ಲಿ ಆ ಗ್ಯಾಲರಿ ಗಾಯಗೊಂಡ ಸೈನಿಕರ ಆಸ್ಪತ್ರೆಯಾಯ್ತು. 1940ರಲ್ಲಿ ಜರ್ಮನಿ ಫ್ರಾನ್ಸನ್ನ ಸೋಲಿಸಿದಾಗ ದೇಶವನ್ನ ಎರಡು ಮಾಡಿದ ಗಡಿಗೆರೆ ಇದೇ ಶೆರ್ ನದಿ ಮೇಲೆ ಹಾದುಹೋಯ್ತು. ಅರಮನೆಯ ಮುಂಬಾಗಿಲು ಜರ್ಮನರ ಹಿಡಿತದಲ್ಲಿ, ಗ್ಯಾಲರಿಯ ಕೊನೆಯ ಬಾಗಿಲು ಅವರ ಸೈನ್ಯವಿಲ್ಲದ ಆಚೆ ದಡದಲ್ಲಿ. ಎಷ್ಟೋ ಜನ ಜೀವ ಕೈಯಲ್ಲಿ ಹಿಡಿದು ಆ ಬಾಗಿಲಿಂದಲೇ ಪಾರಾದರು. ಈ ದಾರಿ ಉಪಯೋಗಕ್ಕೆ ಬಂದದ್ದು 1942ರ ನವೆಂಬರ್‌ವರೆಗೆ ಮಾತ್ರ, ಆಮೇಲೆ ಜರ್ಮನರು ಆಚೆ ದಡವನ್ನೂ ಆಕ್ರಮಿಸಿದರು.

ಪ್ರತಿಷ್ಠೆಗೆ ಅಂತ ಕಟ್ಟಿದ ಜಾಗ, ಸುಮಾರು 400 ವರ್ಷ ಆದಮೇಲೆ ಹೆಸರೂ ಗೊತ್ತಿಲ್ಲದ ಜನರನ್ನ ಉಳಿಸ್ತು ನೋಡಿ. ಮುಂದೆ ಯಾವಾಗಾದ್ರೂ ಅಲ್ಲಿಗೆ ಹೋದ್ರೆ ಹೂವಿನ ಮುಂದೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಕಪ್ಪು-ಬಿಳಿ ಚೌಕದ ನೆಲದ ಮೇಲೆ ಕೊನೆವರೆಗೂ ನಡೆದು, ಆ ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲಿ.

ಮುಂದಿನ ಕಂತಿನಲ್ಲಿ ಮತ್ತೆ ಸಿಗೋಣ.