ಅಂಚಿನ ಮೇಲೊಂದು ಅರಿಕೆ



ಹಳೆಯ ನಾಣ್ಯವೊಂದು ಕೈಗೆ ಬಂದರೆ ನಾವು ಮೊದಲು ಅದರ ಮುಖವನ್ನು ನೋಡುತ್ತೇವೆ, ಯಾವ ದೊರೆಯ ತಲೆ ಇದೆಯೆಂದು. ಆಮೇಲೆ ಹಿಂಬದಿಯನ್ನು ತಿರುವಿ ವರ್ಷವನ್ನು ಓದುತ್ತೇವೆ. ಅಂಚನ್ನು ನೋಡುವವರು ಅಪೂರ್ವ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇಂಗ್ಲೆಂಡಿನ ಅಪೂರ್ವ ನಾಣ್ಯಗಳನ್ನೂ ಅವುಗಳಿಗೆ ದರ್ಜೆ ಕಟ್ಟುವ ಪದ್ಧತಿಯನ್ನೂ ಕುರಿತು. ಆದರೆ ಮಾತು ಪದೇ ಪದೇ ಅಂಚಿನ ಕಡೆಗೇ ಹೋದರೆ ತಾವು ಕ್ಷಮಿಸಬೇಕು. ಅದಕ್ಕೆ ಕಾರಣವುಂಟು.

ಈ ವಿಷಯಕ್ಕೆ ನಾನು ಬಂದದ್ದು ಒಂದು ತಪ್ಪಿನ ದಾರಿಯಿಂದ. ಕಾಲೇಜಿನಲ್ಲಿ ನಮಗೆ ಇಂಗ್ಲೆಂಡಿನ ಚರಿತ್ರೆಯನ್ನು ಪಾಠ ಹೇಳುತ್ತಿದ್ದ ಮೇಷ್ಟರೊಬ್ಬರು ಒಂದು ದಿನ ಮೂರನೆಯ ವಿಲಿಯಂ ದೊರೆಯ ಷಿಲ್ಲಿಂಗೊಂದನ್ನು ನನ್ನ ಅಂಗೈಯಲ್ಲಿಟ್ಟು, “ಮನೆಗೆ ಕೊಂಡುಹೋಗಿ ಒಂದು ವಾರ ನೋಡು. ಕಂಡದ್ದನ್ನು ಬರೆದುಕೊಂಡು ಬಾ” ಎಂದರು. ನಾಣ್ಯ ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತ್ತು. ಗುರುಗಳ ವಸ್ತುವನ್ನು ಹಾಗೆಯೇ ಹಿಂದಿರುಗಿಸುವುದು ಸರಿಯಲ್ಲವೆಂದು ನಾನು ಭಾನುವಾರ ಬೆಳಗ್ಗೆ ಅದನ್ನು ಪೂಜೆಯ ಬೆಳ್ಳಿ ಬಟ್ಟಲು, ದೀಪಗಳ ಜೊತೆಯಲ್ಲಿ ವಿಭೂತಿ ಹಾಕಿ ಚೆನ್ನಾಗಿ ಉಜ್ಜಿದೆ. ನಾಣ್ಯ ಕನ್ನಡಿಯಾಯಿತು. ಸೋಮವಾರ ಅದನ್ನು ಕೊಟ್ಟಾಗ ಮೇಷ್ಟರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಮುನ್ನೂರು ವರ್ಷ ಕೂಡಿಟ್ಟದ್ದನ್ನು ಒಂದು ಬೆಳಗ್ಗೆ ಕಳೆದುಬಿಟ್ಟೆಯಲ್ಲಯ್ಯ” ಎಂದರು. ಕೋಪವಿರಲಿಲ್ಲ, ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅನಂತರ ದೊರೆಯ ಎದೆಯ ಕೆಳಗೆ ಸವೆದಿದ್ದ ಒಂದು ಸಣ್ಣ ಅಕ್ಷರವನ್ನು ತೋರಿಸಿ ಅದರ ಕಥೆಯನ್ನು ಹೇಳಿದರು. ಆ ಕಥೆಗೆ ಬರುವ ಮುನ್ನ ಕೊಂಚ ಹಿಂದಕ್ಕೆ ಹೋಗಬೇಕು.

1662ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ನಾಣ್ಯಗಳು ಬಹುಮಟ್ಟಿಗೆ ಸುತ್ತಿಗೆಯ ಪೆಟ್ಟಿನಿಂದ ಆಗುತ್ತಿದ್ದುವು. ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಮೇಲಿಂದ ಹೊಡೆಯುವುದು, ಇಷ್ಟೇ ಕೆಲಸ. ಹಾಗೆ ಆದ ನಾಣ್ಯಕ್ಕೆ ಸರಿಯಾದ ಅಂಚೆಂಬುದು ಇಲ್ಲ. ಒಂದು ಇನ್ನೊಂದರಂತಿಲ್ಲ. ಆದುದರಿಂದ ಕತ್ತರಿಯುಳ್ಳ ಯಾವನಾದರೂ ಸುತ್ತಲೂ ಒಂದಿಷ್ಟು ಕತ್ತರಿಸಿಕೊಂಡು ನಾಣ್ಯವನ್ನು ಪೂರ್ಣ ಬೆಲೆಗೇ ಸಾಗಿಸಬಹುದಾಗಿತ್ತು. ಕತ್ತರಿಸಿದ ಚೂರುಗಳು ಮೂಸೆಗೆ ಹೋಗಿ ಗಟ್ಟಿ ಬೆಳ್ಳಿಯಾಗುತ್ತಿದ್ದುವು. ಇದು ರಾಜದ್ರೋಹವೆಂದು ಕಾನೂನು ಸಾರಿತ್ತು, ಶಿಕ್ಷೆ ಮರಣ. ಆದರೂ ಕತ್ತರಿ ನಿಲ್ಲಲಿಲ್ಲ. 1690ರ ದಶಕದ ನಡುವೆ ಖಜಾನೆಗೆ ಬಂದ ಹಳೆಯ ನಾಣ್ಯಗಳನ್ನು ತೂಗಿ ನೋಡಿದರೆ ಇರಬೇಕಾದುದರ ಸುಮಾರು ಅರ್ಧ ತೂಕ ಮಾತ್ರ ಉಳಿದಿತ್ತು.

ಈ ರೋಗಕ್ಕೆ ಮದ್ದನ್ನು ತಂದವನು ಪಿಯರ್ ಬ್ಲಾಂಡೋ ಎಂಬ ಫ್ರೆಂಚ್ ಯಂತ್ರಜ್ಞ. ತಿರುಪಿನ ಯಂತ್ರದಿಂದ ಒತ್ತಿದ ನಾಣ್ಯಕ್ಕೆ ದುಂಡಾದ ಅಂಚು ಬರುತ್ತದೆ. ಆ ಅಂಚಿನ ಮೇಲೆ ಅಕ್ಷರಗಳನ್ನೋ ಗೆರೆಗಳನ್ನೋ ಮೂಡಿಸಿದರೆ ಕತ್ತರಿಸಿದವನ ಕಳ್ಳತನ ಒಡನೆಯೇ ಬಯಲಾಗುತ್ತದೆ. ಈ ಅಂಚಿನ ಯಂತ್ರವನ್ನು ಆತ ಬಹು ಗುಟ್ಟಾಗಿ ಇಟ್ಟುಕೊಂಡಿದ್ದನು. ಅಲಂಕಾರವೂ ಹೌದು ರಕ್ಷೆಯೂ ಹೌದು ಎಂಬ ಅರ್ಥದ ಲ್ಯಾಟಿನ್ ಮಾತು ಅಂದು ದೊಡ್ಡ ಬೆಳ್ಳಿಯ ನಾಣ್ಯಗಳ ಅಂಚಿಗೆ ಬಂದಿತು. ಅದೇ ಮಾತನ್ನು 1983ರಲ್ಲಿ ಹೊರಟ ದುಂಡನೆಯ ಒಂದು ಪೌಂಡಿನ ನಾಣ್ಯದ ಅಂಚಿನಲ್ಲಿಯೂ ಕಾಣಬಹುದು. ಆ ನಾಣ್ಯ 2017ರಲ್ಲಿ ಚಲಾವಣೆಯಿಂದ ಹೋಯಿತು.

ಈಗ ಅರಿಕೆಯ ವಿಷಯ. ಆ ಕಾಲದಲ್ಲಿ ಇಂಗ್ಲೆಂಡಿನ ಅಚ್ಚುಕೆತ್ತುವವರಲ್ಲಿ ಥಾಮಸ್ ಸೈಮನ್ನನಿಗೆ ಸಮಾನರಿರಲಿಲ್ಲ. ಆದರೆ ಅವನಿಗೊಂದು ಕಳಂಕ ಅಂಟಿತ್ತು: ದೊರೆಯ ತಲೆ ತೆಗೆಸಿದವರ ಆಳಿಕೆಯಲ್ಲಿ ಅವನು ಕೆಲಸಮಾಡಿದ್ದನು, ಕ್ರಾಮ್‌ವೆಲ್ಲನ ಮುಖವನ್ನು ನಾಣ್ಯಕ್ಕೆ ಕೆತ್ತಿದವನೂ ಅವನೇ. 1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಪಟ್ಟಕ್ಕೆ ಬಂದನು. ದೇಶಭ್ರಷ್ಟನಾಗಿದ್ದ ಕಾಲದಲ್ಲಿ ದೊರೆಗೆ ಆಂಟ್‌ವರ್ಪಿನ ರೋಟಿಯರ್ ಎಂಬ ಕೆತ್ತನೆಗಾರರ ಮನೆತನದ ಪರಿಚಯವಾಗಿತ್ತು. ಅವರನ್ನು ಲಂಡನ್ನಿಗೆ ಕರೆಸಿಕೊಂಡನು. ಹೊಸ ಯಂತ್ರದ ನಾಣ್ಯಗಳಿಗೆ ಜಾನ್ ರೋಟಿಯರನ ಅಚ್ಚುಗಳೇ ನಿಂತವು. ಸೈಮನ್ ಬದಿಗೆ ಸರಿದನು.

ಸೈಮನ್ ಪ್ರತಿಭಟಿಸಲಿಲ್ಲ. 1663ರಲ್ಲಿ ಅವನು ತನ್ನ ಕೈಯಿಂದಲೇ ಒಂದು ಕ್ರೌನ್ ನಾಣ್ಯದ ಮಾದರಿಯನ್ನು ಕೆತ್ತಿದನು. ಕ್ರೌನ್ ಎಂದರೆ ಐದು ಷಿಲ್ಲಿಂಗು. ನಮ್ಮ ಹಳೆಯ ಬೆಳ್ಳಿ ರೂಪಾಯಿಯ ಎರಡೂವರೆಯಷ್ಟು ತೂಕದ ನಾಣ್ಯ. ಅದರ ಮುಖದಲ್ಲಿ ದೊರೆಯ ತಲೆಗೂದಲಿನ ಒಂದೊಂದು ಸುರುಳಿಯೂ ಬೇರೆಬೇರೆಯಾಗಿ ಕಾಣುವಂತಿದೆ. ಅಂಚಿನಲ್ಲಿ ಸಾಧಾರಣವಾದ ಲ್ಯಾಟಿನ್ ಮಾತಿಗೆ ಬದಲಾಗಿ, ಎರಡು ಸಾಲುಗಳಲ್ಲಿ, ಇಂಗ್ಲಿಷಿನಲ್ಲಿ, ದೊರೆಗೆ ಒಂದು ವಿನಯಪೂರ್ವಕವಾದ ಬಿನ್ನಹ: ಈ ತನ್ನ ಮಾದರಿಯನ್ನು ಡಚ್ಚರವನ ಕೆಲಸದೊಡನೆ ಹೋಲಿಸಿ ನೋಡಬೇಕು, ರೂಪದಲ್ಲಿ ಹೆಚ್ಚು ನಿಜವಾಗಿ, ವಿನ್ಯಾಸದಲ್ಲಿ ಹೆಚ್ಚು ಸೊಗಸಾಗಿ, ಕೆತ್ತನೆಯಲ್ಲಿ ಹೆಚ್ಚು ಕರಾರುವಾಕ್ಕಾಗಿ ಕಂಡರೆ ತನ್ನ ಕಷ್ಟವನ್ನು ಪರಿಹರಿಸಬೇಕು. ತಾವು ನಾಣ್ಯದ ಅಂಚಿನ ಅಗಲವನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಮೇಲೆ ನೂರೈವತ್ತಕ್ಕೂ ಮೇಲ್ಪಟ್ಟ ಅಕ್ಷರಗಳು! ಹೀಗೆ ಬರೆಯಬಲ್ಲವನಿಗೆ ಬೇರೆ ಯೋಗ್ಯತಾಪತ್ರ ಬೇಕಿರಲಿಲ್ಲ, ಬಿನ್ನಹವೇ ಪ್ರಮಾಣವಾಗಿತ್ತು.

ದೊರೆ ಮನಸ್ಸನ್ನು ಬದಲಾಯಿಸಲಿಲ್ಲ. 1665ರಲ್ಲಿ, ಲಂಡನ್ನಿನಲ್ಲಿ ಪ್ಲೇಗು ಹಬ್ಬಿದ್ದ ವರ್ಷದಲ್ಲಿ, ಸೈಮನ್ ತೀರಿಕೊಂಡನು. ಅವನ ಅರಿಕೆಯ ನಾಣ್ಯಗಳು ಲೋಕದಲ್ಲಿ ಇಪ್ಪತ್ತಕ್ಕೆ ಮೀರಿ ಉಳಿದಿಲ್ಲ; ಇಂಗ್ಲೆಂಡಿನ ನಾಣ್ಯಗಳಲ್ಲೆಲ್ಲ ಇದಕ್ಕಿಂತ ಸುಂದರವಾದದ್ದಿಲ್ಲವೆಂದು ಬಲ್ಲವರಲ್ಲಿ ಅನೇಕರ ಮತ. ಚಾರ್ಲ್ಸನ ನಿರ್ಣಯ ತಪ್ಪೆಂದು ನನಗೂ ತೋರುತ್ತದೆ. ಆದರೂ ರೋಟಿಯರನೇನೂ ಕಡಮೆಯವನಲ್ಲ ಎಂಬುದನ್ನು ಸೇರಿಸಬೇಕು.

ಹೊಸ ನಾಣ್ಯಗಳು ಬಂದರೂ ಹಳೆಯ ಕತ್ತರಿಸಿದ ನಾಣ್ಯಗಳು ಇನ್ನೂ ಮೂವತ್ತು ವರ್ಷ ಸಾಗುತ್ತಲೇ ಇದ್ದುವು. ತೂಕದ ನಾಣ್ಯ ಪೆಟ್ಟಿಗೆಗೆ ಹೋಯಿತು, ತೂಕವಿಲ್ಲದ್ದು ಪೇಟೆಯಲ್ಲಿ ಉಳಿಯಿತು. ಕೊನೆಗೆ 1696ರಲ್ಲಿ ಪಾರ್ಲಿಮೆಂಟು ಹಳೆಯದನ್ನೆಲ್ಲ ಕರಗಿಸಿ ಮತ್ತೆ ಅಚ್ಚುಹಾಕಿಸತಕ್ಕದ್ದೆಂದು ಗೊತ್ತುಮಾಡಿತು. ಖರ್ಚಿಗಾಗಿ ಮನೆಯ ಕಿಟಕಿಗಳ ಮೇಲೆ ತೆರಿಗೆ ಹಾಕಿದರು. ಜನ ಕಿಟಕಿಗಳನ್ನು ಮುಚ್ಚಿಸಿದರು! ಅದೇ ವರ್ಷ ಐಸಾಕ್ ನ್ಯೂಟನ್ ಟಂಕಸಾಲೆಯ ಪಾರುಪತ್ಯಕ್ಕೆ ಬಂದನು. ಗ್ರಹಗಳ ಗತಿಯನ್ನು ಲೆಕ್ಕಹಾಕಿದ ಮಹಾಪುರುಷ ಖೋಟಾ ನಾಣ್ಯದವರ ಬೆನ್ನುಹತ್ತಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತ ಕುಳಿತನು. ಅವರಲ್ಲಿ ಅತಿ ಚತುರನಾದ ವಿಲಿಯಂ ಚಾಲನರ್ ಎಂಬವನು 1699ರ ಮಾರ್ಚಿಯಲ್ಲಿ ಗಲ್ಲಿಗೇರಿದನು.

ಲಂಡನ್ನಿನ ಟಂಕಸಾಲೆಯೊಂದರಿಂದಲೇ ಈ ಕೆಲಸ ಆಗುವಂತಿರಲಿಲ್ಲ. ಆದುದರಿಂದ ಬ್ರಿಸ್ಟಲ್, ಚೆಸ್ಟರ್, ಎಕ್ಸೆಟರ್, ನಾರ್ವಿಚ್, ಯಾರ್ಕ್ ಎಂಬ ಐದು ಊರುಗಳಲ್ಲಿ ತಾತ್ಕಾಲಿಕವಾಗಿ ಟಂಕಸಾಲೆಗಳನ್ನು ತೆರೆದರು. ಆಯಾ ಊರಿನ ಮೊದಲ ಅಕ್ಷರವನ್ನು ದೊರೆಯ ಎದೆಯ ಕೆಳಗೆ ಒತ್ತಿದರು. ನಮ್ಮ ಮೇಷ್ಟರ ಷಿಲ್ಲಿಂಗಿನಲ್ಲಿ ಇದ್ದದ್ದು ಚೆಸ್ಟರಿನ ಅಕ್ಷರ. ಚೆಸ್ಟರಿನ ಟಂಕಸಾಲೆಯಲ್ಲಿ ಆಗ ಲೆಕ್ಕಪತ್ರದ ಮೇಲ್ವಿಚಾರಣೆಗೆ ನ್ಯೂಟನ್ನನ ಸ್ನೇಹಿತನಾದ ಎಡ್ಮಂಡ್ ಹ್ಯಾಲಿ ಇದ್ದನು, ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿ. ನಾನು ವಿಭೂತಿಯಿಂದ ಉಜ್ಜಿದ್ದು ಇದನ್ನು.

ಇನ್ನು ಅಪೂರ್ವತೆಯ ವಿಚಾರ. ನಾಣ್ಯ ಅಪೂರ್ವವಾಗುವುದಕ್ಕೆ ಹಳೆಯದಾಗಬೇಕೆಂಬ ನಿಯಮವಿಲ್ಲ. ರೋಮನರ ನಾಣ್ಯಗಳು ಕೆಲವು ಅಗ್ಗವಾಗಿ ದೊರೆಯುತ್ತವೆ. 1933ರ ಇಂಗ್ಲೆಂಡಿನ ಪೆನ್ನಿ ದೊರೆಯುವುದಿಲ್ಲ. ಆ ವರ್ಷ ಪೇಟೆಯಲ್ಲಿ ಪೆನ್ನಿಗಳು ಸಾಕಷ್ಟಿದ್ದುದರಿಂದ ಚಲಾವಣೆಗೆಂದು ಅಚ್ಚುಹಾಕಲೇ ಇಲ್ಲ. ಕಟ್ಟಡಗಳ ಅಸ್ತಿಭಾರದಲ್ಲಿ ಆ ವರ್ಷದ ನಾಣ್ಯಗಳನ್ನು ಇಡುವ ಸಂಪ್ರದಾಯಕ್ಕಾಗಿಯೂ ಸಂಗ್ರಹಾಲಯಗಳಿಗಾಗಿಯೂ ಬೆರಳೆಣಿಕೆಯಷ್ಟನ್ನು ಮಾತ್ರ ಮಾಡಿದರು. ಲಂಡನ್ ವಿಶ್ವವಿದ್ಯಾನಿಲಯದ ಕಟ್ಟಡದ ಕೆಳಗೆ ಒಂದು ಸೆಟ್ಟು ಹೋಯಿತು. ಲೀಡ್ಸ್ ನಗರದ ಎರಡು ಚರ್ಚುಗಳ ಕೆಳಗೆ ಎರಡು. ಒಂದು ಚರ್ಚಿನ ಅಸ್ತಿಭಾರವನ್ನು 1970ರಲ್ಲಿ ಕಳ್ಳರು ಅಗೆದು ಪೆನ್ನಿಯನ್ನು ಒಯ್ದರು. ಇನ್ನೊಂದಕ್ಕೂ ಅದೇ ಗತಿ ಬಂದೀತೆಂದು ಹೆದರಿ ಚರ್ಚಿನವರೇ ಕಲ್ಲನ್ನು ತೆಗೆಸಿ 1972ರಲ್ಲಿ ಮಾರಿದರು. ನಮ್ಮಲ್ಲಿ ನಿಧಿಗಾಗಿ ಹಾಳುಗುಡಿಗಳನ್ನು ಅಗೆಯುವವರಿದ್ದಾರೆ. ಒಂದು ಪೆನ್ನಿಗಾಗಿ ಚರ್ಚನ್ನು ಅಗೆದವರನ್ನು ನೋಡಿದರೆ ಅವರ ಮೇಲೆ ನನಗೆ ಸ್ವಲ್ಪ ಕನಿಕರ ಬರುತ್ತದೆ.

ಎಂಟನೆಯ ಎಡ್ವರ್ಡನ ಕಥೆ ಎಲ್ಲರೂ ಬಲ್ಲದ್ದು. 1936ರ ಜನವರಿಯಲ್ಲಿ ಪಟ್ಟಕ್ಕೆ ಬಂದು ಡಿಸೆಂಬರಿನಲ್ಲಿ ಬಿಟ್ಟನು. ಎರಡನೆಯ ಚಾರ್ಲ್ಸನ ಕಾಲದಿಂದ ಇಂಗ್ಲೆಂಡಿನ ದೊರೆಗಳು ನಾಣ್ಯದ ಮೇಲೆ ಒಬ್ಬರು ಎಡಕ್ಕೆ ನೋಡಿದರೆ ಮುಂದಿನವರು ಬಲಕ್ಕೆ ನೋಡುವುದು ರೂಢಿ. ಎಡ್ವರ್ಡನು ಬಲಕ್ಕೆ ನೋಡಬೇಕಾಗಿತ್ತು. ತಲೆಯ ಬೈತಲೆ ಕಾಣುವ ಎಡಪಾರ್ಶ್ವವೇ ತನಗೆ ಚೆನ್ನೆಂದು ಅವನು ಹಟಹಿಡಿದನು. ನಾಣ್ಯಗಳು ಮಾದರಿಯ ಹಂತವನ್ನು ದಾಟುವಷ್ಟರಲ್ಲಿ ಸಿಂಹಾಸನವೇ ಬರಿದಾಯಿತು. ಮುಂದೆ ಬಂದ ಆರನೆಯ ಜಾರ್ಜ್ ಎಡಕ್ಕೇ ನೋಡಿದನು, ಅಣ್ಣ ಬಲಕ್ಕೆ ನೋಡಿದ್ದನೋ ಎಂಬಂತೆ. ಆದರೆ ನಮ್ಮ ದೇಶದ ಕಚ್ ಸಂಸ್ಥಾನ 1936ರಲ್ಲಿ ಎಡ್ವರ್ಡನ ಹೆಸರಿನಲ್ಲಿ ಬೆಳ್ಳಿಯ ಕೋರಿಗಳನ್ನು ಹೊರಡಿಸಿಬಿಟ್ಟಿತ್ತು. ಅವನ ಒಂದು ಚಿನ್ನದ ಸವರನ್ನು 2020ರಲ್ಲಿ ಹತ್ತು ಲಕ್ಷ ಪೌಂಡಿಗೆ ಕೈ ಬದಲಾಯಿಸಿತು. ಐದು ಪೌಂಡಿನ ಚಿನ್ನದ ನಾಣ್ಯವೊಂದು 2021ರಲ್ಲಿ ಅಮೆರಿಕದ ಹರಾಜಿನಲ್ಲಿ ಇಪ್ಪತ್ತೆರಡು ಲಕ್ಷ ಎಂಬತ್ತು ಸಾವಿರ ಡಾಲರಿಗೆ ಹೋಯಿತು.

ಇಂಥ ಬೆಲೆಗಳು ಬಂದಾಗ ನಾಣ್ಯ ಎಷ್ಟು ಚೆನ್ನಾಗಿದೆಯೆಂಬುದನ್ನು ಹೇಳುವವರು ಯಾರು? ಹಿಂದೆ ನಮ್ಮ ಚಿನಿವಾರ ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ನಾದವನ್ನು ಕೇಳಿ ಸಾಚಾ ಖೋಟಾ ಹೇಳುತ್ತಿದ್ದನು. ಇಂಗ್ಲೆಂಡಿನ ವ್ಯಾಪಾರಿಗಳು ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ಮಾತಿನಲ್ಲಿ ದರ್ಜೆ ಕಟ್ಟುತ್ತಿದ್ದರು. ಹೆಸರನ್ನು ಕೇಳಿ ಮೋಸಹೋಗಬೇಡಿ; ಅವರ ಭಾಷೆಯಲ್ಲಿ ಫೈನ್ ಎಂದರೆ ಸಾಕಷ್ಟು ಸವೆದದ್ದು. 1949ರಲ್ಲಿ ವಿಲಿಯಂ ಷೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಒಂದರಿಂದ ಎಪ್ಪತ್ತರವರೆಗಿನ ಅಂಕಗಳ ಮಾನವೊಂದನ್ನು ಏರ್ಪಡಿಸಿದನು. ಎಪ್ಪತ್ತರ ನಾಣ್ಯಕ್ಕೆ ಒಂದರ ನಾಣ್ಯದ ಎಪ್ಪತ್ತರಷ್ಟು ಬೆಲೆ ಎಂಬ ಸರಳವಾದ ಲೆಕ್ಕ ಅದರ ಮೂಲ. ಆ ಲೆಕ್ಕ ಬೇಗನೆ ಬಿದ್ದುಹೋಯಿತು, ಅಂಕಗಳು ಉಳಿದುವು. ಅಮೆರಿಕದಲ್ಲಿ 1986, 1987ರಲ್ಲಿ ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಎಂಬ ಎರಡು ಸಂಸ್ಥೆಗಳು ಈ ಮಾನದಂತೆ ನಾಣ್ಯಕ್ಕೆ ಅಂಕ ಕೊಟ್ಟು, ಪಾರದರ್ಶಕವಾದ ಪೆಟ್ಟಿಗೆಯಲ್ಲಿ ಮುದ್ರೆಮಾಡಿ ಕೊಡಲಾರಂಭಿಸಿದುವು. ಇಂಗ್ಲೆಂಡಿನ ನಾಣ್ಯಗಳೂ ಕ್ರಮೇಣ ಆ ಪೆಟ್ಟಿಗೆಗಳನ್ನು ಸೇರಿದುವು. ಷೆಲ್ಡನ್ನನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವನು ಸತ್ತ ಮೇಲೆ, ಅಮೆರಿಕದ ನಾಣ್ಯಶಾಸ್ತ್ರ ಸಂಘದ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ತೆಗೆದುಕೊಂಡು ಅವುಗಳ ಸ್ಥಳದಲ್ಲಿ ಕೀಳಾದುವನ್ನು ಇಟ್ಟಿದ್ದನೆಂಬುದು ಹಳೆಯ ಛಾಯಾಚಿತ್ರಗಳಿಂದ ಬೆಳಕಿಗೆ ಬಂದಿತು. ದರ್ಜೆಯ ಬೆಲೆ ಅವನಷ್ಟು ಬಲ್ಲವರು ಯಾರು!

ಈ ಪದ್ಧತಿಯನ್ನು ನಾನು ಹಳಿಯುವವನಲ್ಲ. ಸಮುದ್ರದಾಚೆಯ ನಾಣ್ಯವನ್ನು ಕಣ್ಣಿನಿಂದ ಕಾಣದೆ ಕೊಳ್ಳುವವನಿಗೆ ಮೂರನೆಯವರ ಮಾತು ಬೇಕು. ಖೋಟಾ ಕೆಲಸವೂ ಈಗ ಚಾಲನರನ ಕಾಲಕ್ಕಿಂತ ಬಹು ನಯವಾಗಿದೆ. ಆದರೆ ಅರವತ್ತನಾಲ್ಕಕ್ಕೂ ಅರವತ್ತೈದಕ್ಕೂ ನಡುವೆ ಮನೆ ಕೊಳ್ಳುವಷ್ಟು ಹಣದ ಅಂತರವಿದ್ದರೆ ಜನ ನಾಣ್ಯವನ್ನು ಬಿಟ್ಟು ಅಂಕವನ್ನೇ ಕೊಳ್ಳತೊಡಗುತ್ತಾರೆ. ಮತ್ತೊಂದು ದೂರು: ಮೊದಮೊದಲಿನ ಪೆಟ್ಟಿಗೆಗಳು ನಾಣ್ಯದ ಅಂಚನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತಿದ್ದುವು. ಸೈಮನ್ನನ ಅರಿಕೆಯನ್ನು ಅಂಥದರಲ್ಲಿಟ್ಟರೆ ದೊರೆಯ ಮುಖ ಕಾಣುತ್ತದೆ, ಬಿನ್ನಹ ಮಾತ್ರ ಎರಡನೆಯ ಸಲ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಈ ದೋಷವನ್ನು ಅರಿತು, ಅಂಚು ಕಾಣುವಂಥ ಪೆಟ್ಟಿಗೆಗಳನ್ನು ಆಮೇಲೆ ಮಾಡಿದರು.

ಉಜ್ಜಿದ ನಾಣ್ಯಕ್ಕೆ ಈ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ. ಉಜ್ಜಿದೆಯೆಂದು ಬರೆದು ಕಳುಹಿಸುತ್ತವೆ. ಬೆಸುಗೆ ಹಾಕಿದ್ದಕ್ಕೂ ಹಾಗೆಯೇ. ಇದನ್ನು ನಮ್ಮ ಮನೆಗಳ ಹೆಂಗಸರಿಗೆ ಹೇಳಬೇಕಾಗಿದೆ. 1918ರಲ್ಲಿ, ಯುದ್ಧದ ಕಾಲದಲ್ಲಿ, ಮುಂಬಯಿಯಲ್ಲಿ ಇಂಗ್ಲೆಂಡಿನ ಟಂಕಸಾಲೆಯ ಶಾಖೆಯೊಂದು ಅಲ್ಪಕಾಲ ನಡೆದು ಹನ್ನೆರಡು ಲಕ್ಷಕ್ಕೂ ಮಿಕ್ಕು ಸವರನ್ನುಗಳನ್ನು ಅಚ್ಚುಹಾಕಿತು. ಇಂಡಿಯಾದ ಗುರುತಾಗಿ ಇಸವಿಯ ಮೇಲುಗಡೆ ಐ ಎಂಬ ಇಂಗ್ಲಿಷ್ ಅಕ್ಷರವನ್ನಿಟ್ಟಿತು. ನಮ್ಮ ಕೋಲಾರದ ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿದ್ದ ಯುಗ ಅದು. ಸವರನ್ನೋ ನಮ್ಮಲ್ಲಿ ಕೊರಳಿಗೆ ಬಂದಿತು. ಅಕ್ಕಸಾಲಿಗ ನೆತ್ತಿಗೊಂದು ಕೊಂಡಿಯನ್ನು ಬೆಸೆದನು; ನಾಣ್ಯವಾಗಿ ಅದರ ಆಯುಸ್ಸು ಅಲ್ಲಿಗೆ ಮುಗಿಯಿತು. ತಮ್ಮ ತಾಯಿಯ ಸರದಲ್ಲಿ ಅಂಥದೊಂದನ್ನು ಕಂಡ ವಿದ್ಯಾರ್ಥಿನಿಯೊಬ್ಬಳು ಅದರ ಬೆಲೆ ಏನೆಂದು ನನ್ನನ್ನು ಕೇಳಿದಳು. “ಚಿನ್ನದ ಬೆಲೆ ಇದ್ದೇ ಇದೆಯಮ್ಮ, ಕೊಂಡಿಯನ್ನು ಮಾತ್ರ ಕೀಳಿಸಬೇಡ, ಇನ್ನಷ್ಟು ಹಾಳಾಗುತ್ತದೆ” ಎಂದೆ. ಅವಳ ತಾಯಿ ಅದನ್ನು ಹಾಕಿಕೊಂಡೇ ಇದ್ದಾರಂತೆ. ಅದೂ ಸರಿಯೇ.

ನಮ್ಮ ಮೇಷ್ಟರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ತಂದೆಯವರ ಪುಸ್ತಕಗಳನ್ನು ವಿಲೇವಾರಿ ಮಾಡುತ್ತಿದ್ದಾಗ ಅವರ ಮಗನಿಗೆ ಒಂದು ಸಣ್ಣ ಲಕೋಟೆ ಸಿಕ್ಕಿತು. ಅದರ ಮೇಲೆ ನನ್ನ ಹೆಸರಿದ್ದುದರಿಂದ ನನಗೆ ಕಳುಹಿಸಿಕೊಟ್ಟರು. ಒಳಗೆ ಆ ಷಿಲ್ಲಿಂಗು. ಇಷ್ಟು ವರ್ಷಗಳಲ್ಲಿ ಅದರ ಅಂಚಿನ ಗೆರೆಗಳ ನಡುವೆ ಮತ್ತೆ ತೆಳ್ಳಗೆ ಕಪ್ಪು ಕೂಡಲಾರಂಭಿಸಿದೆ. ನಾಣ್ಯದ ಜೊತೆಯಲ್ಲಿದ್ದ ಚೀಟಿಯ ಮೇಲೆ ಮೇಷ್ಟರ ದುಂಡನೆಯ ಅಕ್ಷರದಲ್ಲಿ ಇಷ್ಟೇ ಇತ್ತು: “1697. ಚೆಸ್ಟರ್. ಉಜ್ಜಿದ್ದು.”