ಗದ್ದೆಯ ಕಡೆಯಿಂದ ಐನ್‌ಮನೆ: ಕೊಡಗಿನ ಕೃಷಿ ಪರಂಪರೆಯ ಒಂದು ಓದು

ಕೊಡಗಿನ ಐನ್‌ಮನೆಗಳನ್ನು ನೋಡಲು ಹೋಗುವವರು ಈಗ ಬಹುಮಟ್ಟಿಗೆ ಕಾಫಿ ತೋಟದ ನಡುವಿನ ಜೀಪು ದಾರಿಯಲ್ಲೇ ಹೋಗುತ್ತಾರೆ. ಈ ದಾರಿ ಮನೆಯ ಹಿಂಬದಿಗೋ ಪಕ್ಕಕ್ಕೋ ಬಂದು ಸೇರುತ್ತದೆ. ದಕ್ಷಿಣ ಕೊಡಗಿನ ಒಂದು ಐನ್‌ಮನೆಗೆ ನಾನು ಮೊದಲು ಹೋದದ್ದೂ ಹೀಗೆಯೇ. ಮುಂಜಗಲಿಯಾದ ಕೈಯಾಲೆಯಲ್ಲಿ ಕುಳಿತಿದ್ದ ಮನೆಯ ಹಿರಿಯರು ಮಾತಿಗೆ ತೊಡಗುವ ಮೊದಲು ನನ್ನನ್ನು ಕೆಳಗಿನ ಗದ್ದೆಯವರೆಗೆ ಕರೆದೊಯ್ದರು. ಅಲ್ಲಿಂದ ಓಣಿ ಹತ್ತಿಸಿ, ಮೆಟ್ಟಿಲು ಏರಿಸಿ, ಮತ್ತೆ ಅದೇ ಕೈಯಾಲೆಗೆ ತಂದು ಕೂರಿಸಿ, “ಈಗ ಮನೆಗೆ ಬಂದಿರಿ” ಎಂದರು. ಪ್ರಸ್ತುತ ಲೇಖನ ಆ ಮಾತನ್ನು ಅಧ್ಯಯನದ ಕ್ರಮವಾಗಿ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಐನ್‌ಮನೆ ಎಂಬುದು ಭತ್ತದ ಬೇಸಾಯದ ಒಂದು ಅಂಗ. ಅದನ್ನು ಗದ್ದೆಯ ಕಡೆಯಿಂದ ನೋಡದ ಹೊರತು ಅದರ ವಾಸ್ತುವೂ ತಿಳಿಯದು, ಅದರ ಇಂದಿನ ಬಿಕ್ಕಟ್ಟೂ ತಿಳಿಯದು ಎಂಬುದು ನನ್ನ ವಾದ.

ಐನ್‌ಮನೆ ಒಬ್ಬ ವ್ಯಕ್ತಿಯದಲ್ಲ, ಒಂದು ಒಕ್ಕದ್ದು. ಒಂದೇ ಮೂಲಪುರುಷನಿಂದ, ಅಂದರೆ ಗುರು ಕಾರಣನಿಂದ, ತಂದೆಯ ಕಡೆಯಲ್ಲಿ ಇಳಿದುಬಂದವರೆಲ್ಲ ಸೇರಿ ಒಕ್ಕ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನ ಒಕ್ಕವನ್ನೇ ಕೇಂದ್ರವಾಗಿಟ್ಟುಕೊಂಡಿದೆ. ಕೊಡಗಿನ ಅರೆಭಾಷೆ ಗೌಡ ಕುಟುಂಬಗಳಲ್ಲೂ ಐನ್‌ಮನೆಗಳಿವೆ. ಇವುಗಳ ಚರಿತ್ರೆ ಕೊಡವರ ಮನೆಗಳಷ್ಟು ಬರವಣಿಗೆಗೆ ಬಂದಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು.

ಸಾಂಪ್ರದಾಯಿಕ ಐನ್‌ಮನೆ ಗದ್ದೆ ಬಯಲಿನ ಅಂಚಿನಲ್ಲಿ, ನೀರು ನಿಲ್ಲದ ಏರು ನೆಲದಲ್ಲಿ, ಸಾಮಾನ್ಯವಾಗಿ ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತದೆ. ಕೆಳಗೆ ಗದ್ದೆ, ಹಿಂದೆ ಬಾಣೆ ಎಂಬ ಕಾಡು, ನಡುವೆ ಮನೆ. ಗದ್ದೆಯಿಂದ ಮನೆಗೆ ಏರುವ ಓಣಿಗೆ ಎರಡೂ ಬದಿಯಲ್ಲಿ ಎತ್ತರದ ಮಣ್ಣಿನ ಇಲ್ಲವೆ ಕಲ್ಲಿನ ಗೋಡೆ. ರಕ್ಷಣೆಗಾಗಿ ಹೀಗೆ ಕಟ್ಟಿದರು ಎಂದು ವಿವರಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅಷ್ಟೇ ಅಲ್ಲ. ದನಕರು ಗದ್ದೆಗೆ ನುಗ್ಗದಂತೆ ಕೊಟ್ಟಿಗೆಯಿಂದ ಬಾಣೆಗೂ ಬಾಣೆಯಿಂದ ಕೊಟ್ಟಿಗೆಗೂ ಸಾಗಲು ಎರಡು ಗೋಡೆಗಳ ನಡುವಿನ ದಾರಿ ಬೇಕು. ಹೊರೆ ಹೊತ್ತವರಿಗೂ ಅದೇ ದಾರಿ. ಓಣಿ ಮುಗಿಯುವಲ್ಲಿ ಕೊಟ್ಟಿಗೆ, ಕಳ, ಅಂಗಳ. ಹತ್ತಿರದಲ್ಲೇ ಕೈಮಡ, ಕಾರಣನ ಗುಡಿ. ಹೊಸ ಭತ್ತದ ಹೊರೆ ಮನೆ ಸೇರಬೇಕಾದರೆ ಹಿರಿಯನ ಕಣ್ಣೆದುರೇ ಹಾದುಹೋಗಬೇಕು.

ಕೈಯಾಲೆಯ ಕಂಬಗಳ ನಡುವೆ, ಮೋಟು ಗೋಡೆಯ ಮೇಲೆ, ಉದ್ದಕ್ಕೆ ಹಾಸಿದ ಮರದ ಹಲಗೆಯೇ ಐಮರ. ನಾನು ನೋಡಿದ ಐಮರ ಒಂದೇ ಮರದಿಂದ ಕಡಿದು ತೆಗೆದದ್ದು. ಅದರ ಮೇಲ್ಮೈ ಕನ್ನಡಿಯಂತೆ ನುಣುಪು, ಆದರೆ ಎಲ್ಲೆಡೆ ಒಂದೇ ಸಮನಾಗಿಲ್ಲ. ಬಾಗಿಲಿಗೆ ಹತ್ತಿರದ ತುದಿಯಲ್ಲಿ, ಗದ್ದೆ ಪೂರ್ತಿ ಕಾಣುವ ಜಾಗದಲ್ಲಿ, ಮರ ಬೆರಳು ಇಳಿಯುವಷ್ಟು ತಗ್ಗಾಗಿತ್ತು. ಒಕ್ಕದ ಯಜಮಾನನಾದ ಪಟ್ಟೆದಾರ ತಲೆಮಾರುಗಳಿಂದ ಕೂರುವ ಜಾಗ ಅದು. ಅಲ್ಲಿ ನಾನು ಕೂರಲಿಲ್ಲ, ಬಗ್ಗಿ ನೋಡಿದೆ. ಯಾವ ಗದ್ದೆಗೆ ನೀರು ಬಿದ್ದಿದೆ, ಯಾವ ಬದು ಒಡೆದಿದೆ, ನಾಟಿಯವರು ಎಲ್ಲಿಯವರೆಗೆ ಬಂದರು ಎಂಬುದೆಲ್ಲ ಕುಳಿತಲ್ಲೇ ಕಾಣುತ್ತದೆ. ಕೆತ್ತನೆಯ ಕಂಬಗಳ ಚಿತ್ರ ತೆಗೆದುಕೊಳ್ಳುವ ನಾವು ಆ ಕಂಬಗಳು ಯಾವ ನೋಟಕ್ಕೆ ಚೌಕಟ್ಟು ಕಟ್ಟುತ್ತವೆ ಎಂದು ತಿರುಗಿ ನೋಡುವುದೇ ಇಲ್ಲ.

ಒಳಗೆ ನೆಲ್ಲಕ್ಕಿ ನಡುಬಾಡೆ, ಮನೆಯ ನಡುಹಜಾರ. ಇಲ್ಲಿ ತೂಗುದೀಪ ಉರಿಯುತ್ತದೆ, ಒಕ್ಕದ ಶುಭಕಾರ್ಯಗಳು ಇದರ ಬೆಳಕಿನಲ್ಲೇ ನಡೆಯುತ್ತವೆ. ನೈಋತ್ಯದ ಕೋಣೆ ಕನ್ನಿಕೊಂಬರೆ, ಹಿರಿಯರ ಸ್ಮರಣೆಯ ಜಾಗ. ಭತ್ತ ತುಂಬುವ ಮರದ ಪತ್ತಾಯ ಒಳಕೋಣೆಯ ಕತ್ತಲಲ್ಲಿದೆ. ನಾನು ನೋಡಿದ್ದು ಬರಿದಾಗಿತ್ತು. ಮುಚ್ಚಳ ಎತ್ತಿದಾಗ ಹಳೆಯ ಹೊಟ್ಟಿನ ವಾಸನೆ ಮಾತ್ರ ಉಳಿದಿತ್ತು.

ಮನೆಯ ಪಂಚಾಂಗವೂ ಗದ್ದೆಯದೇ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಕೈಲ್ ಪೊಳ್ದ್, ಆಯುಧಗಳ ಪೂಜೆ. ಕೊಯ್ಲಿನ ಆರಂಭಕ್ಕೆ ನವೆಂಬರ್–ಡಿಸೆಂಬರಿನಲ್ಲಿ ಪುತ್ತರಿ. ಪುತ್ತರಿಯ ಮುಹೂರ್ತ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಆ ರಾತ್ರಿ ನಡುಬಾಡೆಯ ದೀಪದ ಬುಡದಲ್ಲಿ ಎಲೆಗಳ ನೆರೆ ಕಟ್ಟಿ, ಒಕ್ಕದವರೆಲ್ಲ ಗದ್ದೆಗೆ ಇಳಿದು, ಗುಂಡು ಹಾರಿಸಿ, ಕದಿರು ತೆಗೆದು, “ಪೊಲಿ ಪೊಲಿ ದೇವಾ” ಎಂದು ಕೂಗುತ್ತ ಮನೆಗೆ ತರುತ್ತಾರೆ. ಪೊಲಿ ಎಂದರೆ ಹೆಚ್ಚಲಿ, ಸಮೃದ್ಧಿಯಾಗಲಿ. ತಂದ ಕದಿರನ್ನು ದೀಪಕ್ಕೆ, ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ. ಮನೆಯ ಬಿಡಿ ಬಿಡಿ ಭಾಗಗಳು ಒಂದೇ ಕ್ರಿಯೆಯಲ್ಲಿ ಜೋಡಿಕೊಳ್ಳುವುದು ಆ ರಾತ್ರಿ. ವಾಸ್ತುವಿದ್ಯಾರ್ಥಿಗಳು ಬಿಡಿಸುವ ನಕ್ಷೆಯಲ್ಲಿ ಈ ನಡಿಗೆಯ ಗೆರೆ ಇರುವುದಿಲ್ಲ. ಇರಬೇಕು.

ಈಗ ಬಾಣೆಯ ಪ್ರಶ್ನೆ. ನನಗೆ ಮುಖ್ಯವೆನಿಸುವುದು ಇದೇ. ರಾಜರ ಕಾಲದಿಂದ ಬಂದ ಜಮ್ಮಾ ಹಿಡುವಳಿಯಲ್ಲಿ ಸೇವೆಗೆ ಪ್ರತಿಯಾಗಿ ಒಕ್ಕಕ್ಕೆ ಗದ್ದೆ ಸಿಕ್ಕಿತ್ತು, ಅದನ್ನು ಮಾರುವಂತಿರಲಿಲ್ಲ. ಸಾಮಾನ್ಯ ಸಾಗು ಹಿಡುವಳಿಗೆ ನೂರು ಭಟ್ಟಿ ಅಳತೆಯ ಗದ್ದೆಗೆ 10 ರೂಪಾಯಿ ಕಂದಾಯವಿದ್ದರೆ ಜಮ್ಮಾಕ್ಕೆ 5 ರೂಪಾಯಿ ಇತ್ತು. ಈ ಗದ್ದೆಗೆ ಅಂಟಿಕೊಂಡೇ ಬಂದ ಕಾಡು ಬಾಣೆ. ದನ ಮೇಯಲು, ಸೊಪ್ಪಿನ ಗೊಬ್ಬರಕ್ಕೆ, ಸೌದೆಗೆ, ಮನೆಯ ಮರಕ್ಕೆ ಅದೇ ಆಧಾರ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಪ್ರಕರಣ ಕರಾವಳಿಯ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಹಳೆ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟಗಳ ಸಾಲಿನಲ್ಲೇ ಕೊಡಗಿನ ಜಮ್ಮಾ, ಬಾಣೆಗಳನ್ನೂ ಹೆಸರಿಸಿತ್ತು. ಐಮರದ ಹಲಗೆ ಬಾಣೆಯಿಂದ ಬಂತು, ಗದ್ದೆಯ ಫಲವತ್ತತೆಯೂ ಬಾಣೆಯಿಂದ ಬಂತು. ಒಂದೇ ಕಾಡು ಮನೆಯನ್ನೂ ಕಟ್ಟಿತು, ಬೆಳೆಯನ್ನೂ ಸಾಕಿತು.

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಐರೋಪ್ಯ ಮೊದಲ ದೊಡ್ಡ ಕಾಫಿ ತೋಟ ತೆರೆದ. ಮುಂದೆ ಬಾಣೆಗಳಿಗೂ ಕಾಫಿ ಹಬ್ಬಿತು. ಕಾಫಿ ಕೊಡಗಿಗೆ ಹಣ ತಂದಿತು, ಮಕ್ಕಳ ಓದಿಗೆ ದಾರಿ ಮಾಡಿತು. ಅದನ್ನು ಕಡೆಗಣಿಸುವುದು ಅನ್ಯಾಯ. ಆದರೆ ಬಾಣೆ ತೋಟವಾದಾಗ ಮೇವು ಹೋಯಿತು, ಮೇವು ಹೋದಾಗ ದನ ಹೋಯಿತು, ದನ ಹೋದಾಗ ಗೊಬ್ಬರವೂ ಉಳುಮೆಯೂ ಹೋದವು. ಇತ್ತ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತ್ತು. ಹುಲ್ಲಿನ ಮಾಡು ಹೆಂಚಿನದಾಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಹೆಂಚು ದೊಡ್ಡ ನೆಮ್ಮದಿ, ನಿಜ. ಆದರೂ ಹೊಸ ಹುಲ್ಲು ಹೊದಿಸಲು ವರ್ಷ ವರ್ಷ ಗದ್ದೆಯನ್ನು ಕೇಳಬೇಕಾಗಿದ್ದ ಮಾಡಿಗೆ ಈಗ ಆ ಹಂಗಿಲ್ಲ. ಹೀಗೆ ಮನೆಯನ್ನು ಗದ್ದೆಗೆ ಕಟ್ಟಿದ್ದ ಎಳೆಗಳು ಒಂದೊಂದಾಗಿ ಸಡಿಲವಾದವು. ಇತ್ತೀಚಿನ ದಶಕಗಳಲ್ಲಿ ಕೂಲಿಯ ಖರ್ಚು, ಕಾಡಾನೆಗಳ ಹಾವಳಿ, ಗುತ್ತಿಗೆ ಶುಂಠಿ ಬೆಳೆ ಸೇರಿ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ.

ಐನ್‌ಮನೆಗಳ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಮರ, ಹೆಂಚು, ಸುಣ್ಣದ ಖರ್ಚಿನ ಲೆಕ್ಕ ಮುಂದೆ ಬರುತ್ತದೆ. ಒಕ್ಕದ ನೂರಾರು ಪಾಲುದಾರರಲ್ಲಿ ದುರಸ್ತಿಯ ಹೊಣೆ ಯಾರದು ಎಂಬ ತೊಡಕೂ ದೊಡ್ಡದೇ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿದ ಕೆಲಸಕ್ಕೆ ಈ ಕ್ಷೇತ್ರದ ಎಲ್ಲರೂ ಋಣಿಗಳು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಹಾಡು ಆಚಾರಗಳನ್ನು ಕನ್ನಡ ಲಿಪಿಯಲ್ಲಿ ಹಿಡಿದಿಟ್ಟರು, ಮನೆಗಳಿಗೆ ಅಂಥದ್ದೇ ಸೇವೆ ಈ ದಂಪತಿಯದು. ಇದರ ಮುಂದಿನ ಹೆಜ್ಜೆಯಾಗಿ ಪ್ರತಿ ಮನೆಯ ನಕ್ಷೆಯೊಂದಿಗೆ ಅದರ ಗದ್ದೆಯ ಬದು, ನೀರಿನ ತೋಡು, ಓಣಿ, ಕಳ, ಬಾಣೆಯ ಗಡಿಗಳೂ ದಾಖಲಾಗಬೇಕು ಎಂಬುದು ನನ್ನ ಬೇಡಿಕೆ. ಸಂದರ್ಶಕರೂ ವಾಹನವನ್ನು ದೂರದಲ್ಲೇ ನಿಲ್ಲಿಸಿ, ಮನೆಯವರ ಒಪ್ಪಿಗೆ ಪಡೆದು, ಗದ್ದೆಯಿಂದ ನಡೆದು ಬರಲಿ. ಐನ್‌ಮನೆಯಲ್ಲಿ ಇಂದಿಗೂ ಕಾರಣನಿಗೆ ಎಡೆ ಇಡುತ್ತಾರೆ. ಅದು ಪ್ರದರ್ಶನದ ಜಾಗವಲ್ಲ.

ಮೊದಲು ಹೇಳಿದ ಆ ಮನೆಗೆ ಮತ್ತೆ ಹೋದದ್ದು ಒಂದು ಪುತ್ತರಿಯ ರಾತ್ರಿ. ಒಕ್ಕದ ಗದ್ದೆಯಲ್ಲಿ ಆ ವರ್ಷ ನಾಟಿ ಆಗಿರಲಿಲ್ಲ. ಓಣಿ ಇಳಿದ ಜನ, ಕೋವಿ ಹಿಡಿದವರು ಮುಂದೆ, ಮಕ್ಕಳು ಹಿಂದೆ, ಪಾಳು ಗದ್ದೆಯ ಬದುವಿನ ಮೇಲೇ ನಡೆದು ನೆರೆಮನೆಯವರ ಗದ್ದೆಗೆ ಹೋದರು. ಅವರು ಒಂದು ಮೂಲೆಯ ತೆನೆಯನ್ನು ಕೊಯ್ಯದೆ ಇವರಿಗಾಗಿ ಬಿಟ್ಟಿದ್ದರು. ಕದಿರು ಬಂತು. ಹಿರಿಯರು ಅದರಲ್ಲಿ ಒಂದು ಹಿಡಿ ತೆಗೆದು, ತೂಗುದೀಪದ ಸರಪಣಿಯಲ್ಲಿ ಒಣಗಿ ಬಿಳಿಚಿದ್ದ ಕಳೆದ ವರ್ಷದ ಕದಿರನ್ನು ಬಿಚ್ಚಿ, ಅದೇ ಜಾಗದಲ್ಲಿ ಹೊಸದನ್ನು ಕಟ್ಟಿದರು.